ಕಡಿಮೆ ಓಡಿದ 1999ರ ವಿಎಫ್‌ಆರ್ 800: ಮೊದಲು ಕೈ ಹಾಕಬೇಕಾದದ್ದು ಎಲ್ಲಿಗೆ?

ಚರ್ಚೆ ಆರಂಭಿಸಿದವರು

ಎಲ್ಲರಿಗೂ ನಮಸ್ಕಾರ. ನಾಲ್ಕು ತಿಂಗಳ ಹಿಂದೆ 1999ರ ಹೋಂಡಾ ವಿಎಫ್‌ಆರ್ 800 ಬೈಕೊಂದನ್ನು ಸೆಕೆಂಡ್ ಹ್ಯಾಂಡ್ ಆಗಿ ಕೊಂಡೆ. ಇಷ್ಟು ವರ್ಷಗಳಲ್ಲಿ ಅದು ಓಡಿರುವುದು 31,000 ಕಿಲೋಮೀಟರ್ ಮಾತ್ರ. ಬಹುಪಾಲು ಸಮಯ ಹೊದಿಕೆಯ ಕೆಳಗೆ ನಿಂತೇ ಕಳೆದಿದೆ. ಬಣ್ಣ ಮಾಸಿಲ್ಲ, ಹೊರಕವಚದಲ್ಲಿ ಬಿರುಕಿಲ್ಲ. ಬೆಳಗಿನ ತಂಪಿನಲ್ಲಿ ಹೊರಟು, ಎಂಜಿನ್ ಕಾವೇರಿದ ಮೇಲೆ ಮೂರನೇ ಗೇರಿನಲ್ಲಿ ತಿರುವುಗಳನ್ನು ಒಂದೊಂದಾಗಿ ಹಾಯುವಾಗ, ಒಂದು ಬೈಕಿನಿಂದ ನಾನು ಬಯಸಿದ್ದೆಲ್ಲ ಇದರಲ್ಲಿಯೇ ಇದೆ ಎಂದು ಮನಸ್ಸಿಗೆ ಬರುತ್ತದೆ. ದಿನವಿಡೀ ಕುಳಿತರೂ ಬೆನ್ನು ನೋಯುವುದಿಲ್ಲ. ಹಾಗೆಂದು ತಿರುವಿನಲ್ಲಿ ಭಾರವೆನಿಸುವ ಪ್ರವಾಸಿ ಬೈಕೂ ಇದಲ್ಲ.

ಆದರೆ ಎರಡು ಸಂಗತಿಗಳು ಕಾಡುತ್ತಿವೆ. ಒಂದು ಗಂಟೆ ಓಡಿಸಿ ನಿಲ್ಲಿಸಿದ ಮೇಲೆ ಮತ್ತೆ ಸ್ಟಾರ್ಟ್ ಮಾಡಲು ಹೋದರೆ ಸ್ಟಾರ್ಟರ್ ಮೋಟಾರ್ ಸೋತಂತೆ ತಿರುಗುತ್ತದೆ. ಹಿಂದಿನ ಮಾಲೀಕರು ಇದೇ ಕಾರಣಕ್ಕೆ ಎರಡು ಸಲ ಬ್ಯಾಟರಿ ಬದಲಿಸಿದ್ದರಂತೆ. ಎರಡನೆಯದಾಗಿ, ಮೊನ್ನೆ ದೂರದ ಸವಾರಿ ಮುಗಿಸಿ ಬಂದು ಹಿಂದಿನ ಚಕ್ರದ ಬಳಿ ಕೈ ಹಿಡಿದಾಗ ಬ್ರೇಕ್ ಡಿಸ್ಕಿನಿಂದ ಬಿಸಿ ರಾಚುತ್ತಿತ್ತು. ಆ ದಿನ ನಾನು ಹಿಂಬದಿಯ ಬ್ರೇಕನ್ನು ಹೆಚ್ಚು ಬಳಸಿರಲಿಲ್ಲ.

ಕೇಳಿದವರೆಲ್ಲ, ಈ ಬೈಕಿಗೆ ಮೊದಲು ವಾಲ್ವ್ ಕ್ಲಿಯರೆನ್ಸ್ (ಎಂಜಿನ್ನಿನ ವಾಲ್ವುಗಳಿಗೂ ಅವನ್ನು ತೆರೆಯುವ ಭಾಗಗಳಿಗೂ ನಡುವಿನ ಸಂದು) ನೋಡಿಸಿ, ಮಿಕ್ಕದ್ದು ಆಮೇಲೆ ಎನ್ನುತ್ತಾರೆ. ಆ ಕೆಲಸ ಸಣ್ಣದಲ್ಲವಾದ್ದರಿಂದ ಅದಕ್ಕೆ ಕೈ ಹಾಕುವ ಮೊದಲು ಅನುಭವಿಗಳ ಮಾತು ಕೇಳೋಣವೆಂದು ಇಲ್ಲಿ ಬರೆಯುತ್ತಿದ್ದೇನೆ.

ಮೊದಲನೆಯ ಉತ್ತರ

ವಾಲ್ವ್ ಕೆಲಸವನ್ನು ಸದ್ಯಕ್ಕೆ ಬದಿಗಿಡಿ. ಹಿಂದಿನ ಬ್ರೇಕು ತಾನಾಗಿಯೇ ಹಿಡಿದುಕೊಳ್ಳುತ್ತಿದೆ ಎಂಬುದು ನಿಮ್ಮ ವಿವರಣೆಯಲ್ಲಿಯೇ ಸ್ಪಷ್ಟವಾಗಿದೆ. ಅದು ಸರಿಯಾಗುವವರೆಗೆ ಬೈಕನ್ನು ರಸ್ತೆಗೆ ಇಳಿಸಬೇಡಿ. ಉಜ್ಜಿಕೊಂಡಷ್ಟೂ ಬ್ರೇಕ್ ಆಯಿಲ್ ಕಾದು ಹಿಗ್ಗುತ್ತದೆ, ಹಿಗ್ಗಿದಷ್ಟೂ ಪ್ಯಾಡುಗಳು ಇನ್ನಷ್ಟು ಬಿಗಿಯುತ್ತವೆ, ಕೊನೆಗೆ ಚಕ್ರವೇ ಕಚ್ಚಿಕೊಳ್ಳಬಹುದು.

ಎರಡನೆಯ ಉತ್ತರ

ಮೇಲಿನವರ ಎಚ್ಚರಿಕೆ ಸರಿಯಾಗಿದೆ. ಅದರ ಹಿಂದಿನ ಕಾರಣವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಈ ಬೈಕಿನ ಬ್ರೇಕು ಬೇರೆ ಬೈಕುಗಳ ಬ್ರೇಕಿನಂತಲ್ಲ.

1998ರಲ್ಲಿ ಬಂದ ಈ ಮಾದರಿಯಲ್ಲಿ ಮುಂದಿನ ಮತ್ತು ಹಿಂದಿನ ಬ್ರೇಕುಗಳು ಪರಸ್ಪರ ಜೋಡಣೆಗೊಂಡಿವೆ. ಕೈ ಲಿವರ್ ಒತ್ತಿದಾಗ ಮುಂದಿನ ಎರಡೂ ಕ್ಯಾಲಿಪರುಗಳು (ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಭಾಗಗಳು) ಡಿಸ್ಕುಗಳನ್ನು ಹಿಡಿಯುತ್ತವೆ. ಹಾಗೆ ಹಿಡಿದ ಕ್ಷಣದಲ್ಲಿ ಡಿಸ್ಕು ಎಡಬದಿಯ ಕ್ಯಾಲಿಪರನ್ನು ತಾನು ತಿರುಗುವ ದಿಕ್ಕಿಗೆ ಕೊಂಚ ಎಳೆದುಕೊಳ್ಳುತ್ತದೆ. ಆ ಕ್ಯಾಲಿಪರನ್ನು ಗಟ್ಟಿಯಾಗಿ ಬಿಗಿಯದೆ ಸಣ್ಣ ಬೇರಿಂಗಿನ ಮೇಲೆ ಕೂರಿಸಿರುವುದರಿಂದ ಅದು ಕೂದಲೆಳೆಯಷ್ಟು ಜರುಗಿ, ಪಕ್ಕದಲ್ಲಿರುವ ಎರಡನೇ ಮಾಸ್ಟರ್ ಸಿಲಿಂಡರನ್ನು (ಬ್ರೇಕ್ ಆಯಿಲನ್ನು ಒತ್ತಡದಿಂದ ತಳ್ಳುವ ಭಾಗವನ್ನು) ಒತ್ತುತ್ತದೆ. ಆ ಒತ್ತಡ ಒಂದು ಕವಾಟದ ಮೂಲಕ ಹಾದು, ಬೇಕಾದಷ್ಟೇ ಪ್ರಮಾಣದಲ್ಲಿ ಹಿಂದಿನ ಚಕ್ರದ ಕ್ಯಾಲಿಪರಿಗೆ ತಲುಪುತ್ತದೆ. ಕಾಲಿನ ಪೆಡಲ್ ಒತ್ತಿದರೆ ಹಿಂದಿನ ಬ್ರೇಕಿನ ಜೊತೆಗೆ ಮುಂದಿನ ಬ್ರೇಕೂ ಸ್ವಲ್ಪ ಹಿಡಿಯುತ್ತದೆ. ಈ ಏರ್ಪಾಟು ಶುಚಿಯಾಗಿದ್ದರೆ ಬೈಕು ಮುಗ್ಗರಿಸದೆ, ಇಡೀ ದೇಹವನ್ನು ತಗ್ಗಿಸಿಕೊಂಡು ನಿಲ್ಲುತ್ತದೆ. ನನಗೆ ಅದು ಬಹಳ ಇಷ್ಟ.

ತೊಂದರೆ ಶುರುವಾಗುವುದು ಬ್ರೇಕ್ ಆಯಿಲನ್ನು ವರ್ಷಗಟ್ಟಲೆ ಬದಲಿಸದೇ ಇದ್ದಾಗ. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ. ನಿಂತೇ ಇದ್ದ ಬೈಕಿನಲ್ಲಿ ಅದು ಕಂದು ಬಣ್ಣಕ್ಕೆ ತಿರುಗಿ, ಹರಳಿನಂಥ ಕೊಳೆ ಕಟ್ಟುತ್ತದೆ. ಒತ್ತಡ ಬಿಟ್ಟ ಮೇಲೆ ಆಯಿಲ್ ಹಿಂದಕ್ಕೆ ಹರಿದುಹೋಗಲು ಮಾಸ್ಟರ್ ಸಿಲಿಂಡರಿನಲ್ಲಿ ಸೂಜಿ ಮೊನೆಯಷ್ಟು ಸಣ್ಣ ರಂಧ್ರವೊಂದಿದೆ. ಆ ರಂಧ್ರ ಕಟ್ಟಿಕೊಂಡರೆ ಹಿಂದಿನ ಬ್ರೇಕಿಗೆ ಹೋದ ಒತ್ತಡ ಅಲ್ಲೇ ಉಳಿಯುತ್ತದೆ. ಕ್ಯಾಲಿಪರನ್ನು ಹೊತ್ತಿರುವ ಬೇರಿಂಗಿನ ಗ್ರೀಸು ಒಣಗಿ ತುಕ್ಕು ಹಿಡಿದರೂ ಫಲ ಅದೇ, ಏಕೆಂದರೆ ಜರುಗಿದ ಕ್ಯಾಲಿಪರ್ ಮರಳಿ ತನ್ನ ಜಾಗಕ್ಕೆ ಬರುವುದಿಲ್ಲ.

ಪರೀಕ್ಷೆ ಸುಲಭ. ಬೈಕನ್ನು ಸೆಂಟರ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ ನ್ಯೂಟ್ರಲ್‌ನಲ್ಲಿಟ್ಟು ಹಿಂದಿನ ಚಕ್ರವನ್ನು ಕೈಯಿಂದ ತಿರುಗಿಸಿ. ಇನ್ನೊಬ್ಬರು ಮುಂದಿನ ಎಡ ಕ್ಯಾಲಿಪರನ್ನು, ಚಕ್ರ ಮುಂದಕ್ಕೆ ಉರುಳುವ ದಿಕ್ಕಿನಲ್ಲಿಯೇ, ಅಂಗೈಯಿಂದ ಬಲವಾಗಿ ಒತ್ತಲಿ. ಒತ್ತಿದಾಗ ಹಿಂದಿನ ಚಕ್ರ ನಿಲ್ಲಬೇಕು, ಕೈ ಬಿಟ್ಟ ಕೂಡಲೇ ಸಲೀಸಾಗಿ ತಿರುಗಬೇಕು. ಬಿಟ್ಟ ಮೇಲೂ ಚಕ್ರ ಬಿಗಿಯಾಗಿಯೇ ಇದ್ದರೆ ದೋಷ ಇರುವುದು ಮುಂದೆ. ಅನೇಕರು ಹಿಂದಿನ ಕ್ಯಾಲಿಪರನ್ನು ಬಿಚ್ಚಿ, ತೊಳೆದು, ಹೊಸ ಸೀಲು ಹಾಕಿ, ಏನೂ ಗುಣವಾಗದೆ ಕೈಚೆಲ್ಲುವುದು ಈ ಕಾರಣಕ್ಕೇ.

ಮೂರನೆಯ ಉತ್ತರ

ಬ್ರೇಕಿನ ವಿಷಯಕ್ಕೆ ಸೇರಿಸಬೇಕಾದದ್ದು ಒಂದೇ. ಆಯಿಲ್ ಬದಲಿಸುವಾಗ ಗಾಳಿ ತೆಗೆಯುವ ಕ್ರಮವನ್ನು ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಹೇಳಿದಂತೆಯೇ ಪಾಲಿಸಿ. ಕ್ರಮ ತಪ್ಪಿದರೆ ಎಲ್ಲೋ ಒಂದು ಗಾಳಿಗುಳ್ಳೆ ಉಳಿದು ಪೆಡಲ್ ಮೆತ್ತಗಾಗುತ್ತದೆ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹಾಕಿ. ಎರಡು ವರ್ಷಕ್ಕೊಮ್ಮೆ, ಬೈಕು ಓಡಿರಲಿ ಬಿಡಲಿ, ಬದಲಿಸಿ.

ಈಗ ಬ್ಯಾಟರಿಯ ವಿಚಾರ. ಹಿಂದಿನ ಮಾಲೀಕರು ಮಾಡಿದ್ದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಗಿದೆ. ಬ್ಯಾಟರಿ ಸೋಲುತ್ತಿರುವುದು ಅದಕ್ಕೆ ಸರಿಯಾಗಿ ವಿದ್ಯುತ್ತು ತಲುಪದೇ ಇರುವುದರಿಂದ ಇರಬಹುದು. ಒಂದು ಮಲ್ಟಿಮೀಟರ್ ಇದ್ದರೆ ಅರ್ಧ ಗಂಟೆಯಲ್ಲಿ ಇದು ತಿಳಿಯುತ್ತದೆ. ಎಂಜಿನ್ ಆರಿಸಿ ಕೆಲವು ಗಂಟೆಗಳಾದ ಮೇಲೆ ಬ್ಯಾಟರಿಯಲ್ಲಿ 12.6ರಿಂದ 12.8 ವೋಲ್ಟ್ ಇರಬೇಕು. ಎಂಜಿನ್ ಕಾವೇರಿದ ಮೇಲೆ 5,000 ಆರ್‌ಪಿಎಂನಲ್ಲಿ (ನಿಮಿಷಕ್ಕೆ ಅಷ್ಟು ಸುತ್ತಿನ ವೇಗದಲ್ಲಿ) 14ರ ಆಸುಪಾಸು ಬರಬೇಕು. 13.5ಕ್ಕಿಂತ ಕೆಳಗಿದ್ದರೆ ಬ್ಯಾಟರಿ ತುಂಬುತ್ತಿಲ್ಲ, 15 ದಾಟಿದರೆ ಬ್ಯಾಟರಿ ಬೇಯುತ್ತಿದೆ. ಬಳಿಕ ಸ್ಟೇಟರಿನಿಂದ (ಎಂಜಿನ್ ತಿರುಗುವಾಗ ವಿದ್ಯುತ್ತು ಹುಟ್ಟಿಸುವ ಸುರುಳಿಗಳಿಂದ) ಬರುವ ಮೂರು ಹಳದಿ ತಂತಿಗಳ ಕನೆಕ್ಟರ್ ಬಿಚ್ಚಿ, ಅದೇ ವೇಗದಲ್ಲಿ ಎರಡೆರಡು ತಂತಿಗಳ ನಡುವೆ ಎಸಿ ವೋಲ್ಟ್ ಅಳೆಯಿರಿ. ಮೂರೂ ಅಳತೆಗಳು 50ಕ್ಕಿಂತ ಮೇಲಿದ್ದು ಒಂದಕ್ಕೊಂದು ಸಮನಾಗಿರಬೇಕು. ಎಂಜಿನ್ ನಿಲ್ಲಿಸಿ, ಯಾವುದೇ ಹಳದಿ ತಂತಿಗೂ ಎಂಜಿನ್ನಿನ ಲೋಹಕ್ಕೂ ಸಂಪರ್ಕ ಇಲ್ಲವೆಂದು ಖಚಿತಪಡಿಸಿಕೊಳ್ಳಿ.

ಕನೆಕ್ಟರ್ ಬಿಚ್ಚಿದಾಗ ಅದರ ಬಣ್ಣವನ್ನೂ ನೋಡಿ. ಉತ್ತರ ಅಲ್ಲಿಯೇ ಸಿಕ್ಕರೂ ಸಿಗಬಹುದು.

ಚರ್ಚೆ ಆರಂಭಿಸಿದವರು

ತಮ್ಮೆಲ್ಲರಿಗೂ ಧನ್ಯವಾದಗಳು. ಇಂದು ಮಧ್ಯಾಹ್ನ ಪೂರ್ತಿ ಇದರಲ್ಲಿಯೇ ಕಳೆದೆ.

ಎಡ ಕ್ಯಾಲಿಪರನ್ನು ಒತ್ತಿ ಬಿಟ್ಟಾಗ ಹಿಂದಿನ ಚಕ್ರ ಬಿಡುಗಡೆಯಾಗಲು ಒಂದೂವರೆ ನಿಮಿಷ ತೆಗೆದುಕೊಂಡಿತು. ಮುಂದಿನ ಬ್ರೇಕ್ ಆಯಿಲ್ ತಿಳಿಯಾಗಿಯೇ ಇತ್ತು. ಪೆಡಲಿನ ಕಡೆಯ ಡಬ್ಬಿಯಲ್ಲಿದ್ದದ್ದು ಹಾಲಿಲ್ಲದ ಕಾಫಿಯ ಬಣ್ಣಕ್ಕೆ ಬಂದಿತ್ತು. ಮುಂದಿನ ಡಬ್ಬಿ ಕಣ್ಣಿಗೆ ಬೀಳುತ್ತದೆ, ಹಿಂದಿನದು ಬೀಳುವುದಿಲ್ಲ ಎಂಬುದೇ ಕಾರಣವಿರಬೇಕು.

ಬ್ಯಾಟರಿ ನಿಂತಾಗ 12.7 ವೋಲ್ಟ್, 5,000 ಆರ್‌ಪಿಎಂನಲ್ಲಿ 13.1. ಹಳದಿ ತಂತಿಗಳ ನಡುವಿನ ಅಳತೆ 56, 55 ಮತ್ತು 56. ಸ್ಟೇಟರ್ ಆರೋಗ್ಯವಾಗಿದೆ ಎಂದು ಭಾವಿಸುತ್ತೇನೆ. ಆದರೆ ಕನೆಕ್ಟರಿನ ಮೂರು ಪಿನ್ನುಗಳಲ್ಲಿ ನಡುವಿನದು ಕಪ್ಪಾಗಿದೆ. ಅದರ ಸುತ್ತಲಿನ ಬಿಳಿ ಪ್ಲಾಸ್ಟಿಕ್ ಕಂದಿ, ಒಂದು ಅಂಚು ಮೇಣದಂತೆ ಕರಗಿ ಜೋತಿದೆ. ಹಳದಿ ತಂತಿಯನ್ನು ಬೆರಳಿನಿಂದ ಬಾಗಿಸಿದಾಗ ಹೊರಕವಚ ಒಣ ಕಡ್ಡಿಯಂತೆ ಪುಟಕ್ಕೆಂದು ಬಿರಿಯಿತು.

ಮೂರನೆಯ ಉತ್ತರ ಬರೆದವರು

ಚೆನ್ನಾಗಿ ಪತ್ತೆ ಮಾಡಿದ್ದೀರಿ. ಪಿನ್ನಿನ ಮೇಲೆ ತೇವದಿಂದ ಮಸಿಯಂಥ ಪದರ ಕಟ್ಟುತ್ತದೆ, ಅಲ್ಲಿ ವಿದ್ಯುತ್ತಿಗೆ ತಡೆ ಉಂಟಾಗುತ್ತದೆ, ತಡೆಯಿಂದ ಕಾವು ಹುಟ್ಟುತ್ತದೆ, ಕಾವಿನಿಂದ ಪಿನ್ನು ಸಡಿಲವಾಗಿ ತಡೆ ಇನ್ನೂ ಹೆಚ್ಚುತ್ತದೆ. ಆ ಕನೆಕ್ಟರನ್ನು ಉಜ್ಜಿ ಮತ್ತೆ ಜೋಡಿಸಬೇಡಿ. ಬಿರಿದ ಭಾಗವನ್ನು ಕತ್ತರಿಸಿ, ತಾಮ್ರ ಹೊಳೆಯುವ ಕಡೆಯಿಂದ ತಂತಿಗಳನ್ನು ನೇರವಾಗಿ ಬೆಸೆದು ಮೇಲೆ ಕಾಯಿಸಿದರೆ ಕುಗ್ಗಿ ಬಿಗಿಯುವ ಹೀಟ್ ಶ್ರಿಂಕ್ ಕೊಳವೆ ಹಾಕಿ, ಇಲ್ಲವೇ ನೀರು ನುಗ್ಗದ ಹೊಸ ಕನೆಕ್ಟರ್ ಕೂರಿಸಿ.

ಸ್ಟೇಟರಿನ ವಿದ್ಯುತ್ತನ್ನು ಬ್ಯಾಟರಿಗೆ ಹೊಂದುವಂತೆ ಹದಗೊಳಿಸುವ ರೆಗ್ಯುಲೇಟರ್ ಬಗ್ಗೆಯೂ ಒಂದು ಮಾತು. ಆ ಕಾಲದ ಬಹುತೇಕ ಬೈಕುಗಳಲ್ಲಿರುವುದು ಷಂಟ್ ಬಗೆಯ ರೆಗ್ಯುಲೇಟರ್. ಸ್ಟೇಟರಿನ ಸುತ್ತ ತಿರುಗುವ ಆಯಸ್ಕಾಂತ ಶಾಶ್ವತವಾದದ್ದು, ಅದನ್ನು ಆರಿಸುವಂತಿಲ್ಲ. ಎಂಜಿನ್ ಎಷ್ಟು ಜೋರಾಗಿ ತಿರುಗುತ್ತದೆಯೋ ಅಷ್ಟು ವಿದ್ಯುತ್ತು ಹುಟ್ಟುತ್ತಲೇ ಇರುತ್ತದೆ. ಬೈಕಿಗೆ ಬೇಡವಾದದ್ದನ್ನು ಈ ರೆಗ್ಯುಲೇಟರ್ ಸ್ಟೇಟರಿನ ಸುರುಳಿಗೇ ತಿರುಗಿಸಿ ಕಾವಾಗಿ ಕಳೆಯುತ್ತದೆ. ಎಲ್‌ಇಡಿ ದೀಪ ಹಾಕಿದರೆ ಹೊರೆ ಇಳಿದು ಸ್ಟೇಟರ್ ತಂಪಾಗಿರುತ್ತದೆ ಎಂದು ಹಲವರು ನಂಬಿದ್ದಾರೆ. ಷಂಟ್ ಬಗೆಯಲ್ಲಿ ಅದು ನಡೆಯುವುದಿಲ್ಲ. ದೀಪ ಬಳಸದೇ ಬಿಟ್ಟದ್ದು ರೆಗ್ಯುಲೇಟರಿನ ಪಾಲಿಗೆ ಹೆಚ್ಚುವರಿ ಕೆಲಸವಾಗುತ್ತದೆ. ಷಂಟ್‌ನಲ್ಲಿಯೇ ಕಡಿಮೆ ಕಾಯುವ ಎಲೆಕ್ಟ್ರಾನಿಕ್ ಸ್ವಿಚ್ಚುಳ್ಳ ಮಾಸ್‌ಫೆಟ್ ಬಗೆಯದು ಹಾಕಿದರೆ ರೆಗ್ಯುಲೇಟರ್ ತಂಪಾಗಿರುತ್ತದೆ, ಸ್ಟೇಟರಿನ ಕಾವು ಮಾತ್ರ ಹಾಗೆಯೇ ಉಳಿಯುತ್ತದೆ. ಸೀರೀಸ್ ಬಗೆಯದಾದರೆ ಬೇಡದಾಗ ವಿದ್ಯುತ್ತಿನ ದಾರಿಯನ್ನೇ ಕಡಿಯುವುದರಿಂದ ಎರಡೂ ತಂಪು. ಹಳೆಯ ಸ್ಟೇಟರನ್ನು ಬಹುಕಾಲ ಬಾಳಿಸಬೇಕೆಂಬ ಮನಸ್ಸಿದ್ದರೆ ಸೀರೀಸ್ ಬಗೆಯದನ್ನೇ ಆರಿಸಿ ಎಂಬುದು ನನ್ನ ಸಲಹೆ.

ನಾಲ್ಕನೆಯ ಉತ್ತರ

ನಾನು ಬೇರೆ ಮಾತು ಹೇಳುತ್ತೇನೆ, ಯಾರೂ ಅನ್ಯಥಾ ಭಾವಿಸಬಾರದು. ಇಷ್ಟು ಹಳೆಯ ಬೈಕಿನಲ್ಲಿ ಒಂದೊಂದೇ ದೋಷವನ್ನು ಹುಡುಕುತ್ತಾ ಕೂರುವ ಬದಲು ವೈರಿಂಗು, ರೆಗ್ಯುಲೇಟರ್, ಸ್ಟೇಟರ್, ಕ್ಯಾಲಿಪರ್, ಶಾಕ್ ಅಬ್ಸಾರ್ಬರ್ ಎಲ್ಲವನ್ನೂ ಒಮ್ಮೆಗೇ ಹೊಸದಾಗಿ ಹಾಕಿ ನಿಶ್ಚಿಂತೆಯಾಗಿ ಓಡಿಸುವುದು ಮೇಲಲ್ಲವೇ? ದೂರ ಪ್ರಯಾಣಕ್ಕೆಂದೇ ಇರುವ ಬೈಕು ನಡುದಾರಿಯಲ್ಲಿ ನಿಂತರೆ ಅದರ ಮೇಲಿನ ಪ್ರೀತಿಯಿಂದ ಏನು ಪ್ರಯೋಜನ?

ಎರಡನೆಯ ಉತ್ತರ ಬರೆದವರು

ನಿಮ್ಮ ಕಳಕಳಿ ನನಗೆ ಅರ್ಥವಾಗುತ್ತದೆ. ಆದರೂ ಒಪ್ಪಲಾರೆ. ಒಂದೇ ದಿನ ಇಪ್ಪತ್ತು ಭಾಗಗಳನ್ನು ಬದಲಿಸಿದರೆ, ಮರುದಿನ ಕಾಣಿಸಿಕೊಳ್ಳುವ ತೊಂದರೆ ಯಾವ ಭಾಗದಿಂದ ಬಂತೆಂದು ಹೇಳಲಾಗದು. ಅಲ್ಲದೆ 56 ವೋಲ್ಟ್ ಸಮನಾಗಿ ಕೊಡುತ್ತಿರುವ ಸ್ಟೇಟರನ್ನು ಕಿತ್ತು, ಗುಣಮಟ್ಟ ಗೊತ್ತಿಲ್ಲದ ಹೊಸದೊಂದನ್ನು ಹಾಕುವುದು ಲಾಭವೆಂದು ನನಗೆ ಅನಿಸುವುದಿಲ್ಲ.

ಈ ಬೈಕಿನಲ್ಲಿ ಓಡಿದ ದೂರದಿಂದ ಸವೆಯುವ ಭಾಗಗಳು ಬೇರೆ, ವಯಸ್ಸಿನಿಂದ ಸೊರಗುವ ಭಾಗಗಳು ಬೇರೆ. ಚೈನು, ಸ್ಪ್ರಾಕೆಟ್, ಕ್ಲಚ್ ಪ್ಲೇಟು, ಬ್ರೇಕ್ ಪ್ಯಾಡು ಇವು ಕಿಲೋಮೀಟರ್ ಲೆಕ್ಕದಲ್ಲಿ ಸವೆಯುತ್ತವೆ. ರಬ್ಬರು, ಸೀಲು, ಕೂಲಂಟ್ (ಎಂಜಿನ್ನನ್ನು ತಂಪಾಗಿಡುವ ದ್ರವ), ಬ್ರೇಕ್ ಆಯಿಲ್, ಗ್ರೀಸು, ತಂತಿಯ ಕವಚ, ಕನೆಕ್ಟರಿನ ಪಿನ್ನು ಇವುಗಳಿಗೆ ಓಡೋಮೀಟರಿನ ಲೆಕ್ಕವೇ ಇಲ್ಲ. ಬೈಕು ನಿಂತಿದ್ದರೂ ಇವು ಹಳತಾಗುತ್ತಲೇ ಹೋಗುತ್ತವೆ. ಆದ್ದರಿಂದ 31,000 ಕಿಲೋಮೀಟರ್ ಎಂಬ ಅಂಕಿಯನ್ನು ನೋಡಿ ನಾವು ಸಮಾಧಾನಪಡಬಾರದು. ಪ್ರತಿವರ್ಷ ಓಡಿ, ಪ್ರತಿವರ್ಷ ಕೈಯಾಡಿಸಿಕೊಂಡ 90,000 ಕಿಲೋಮೀಟರಿನ ಬೈಕು ಇದಕ್ಕಿಂತ ಗಟ್ಟಿಮುಟ್ಟಾಗಿರುವ ಸಾಧ್ಯತೆ ಹೆಚ್ಚು. ಚರ್ಚೆ ಆರಂಭಿಸಿದವರ ಎರಡೂ ತೊಂದರೆಗಳು ಬಂದಿರುವುದು ವಯಸ್ಸಿನ ಪಟ್ಟಿಯಿಂದಲೇ ಎಂಬುದನ್ನು ಗಮನಿಸಿ.

ಹೀಗಾಗಿ ಮುಂದೆ ನೋಡಬೇಕಾದವು ಟೈರು ಮತ್ತು ಕೂಲಂಟ್ ಕೊಳವೆಗಳು. ಟೈರಿನ ಬದಿಯಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳನ್ನು ಓದಿ. 2314 ಎಂದಿದ್ದರೆ 2014ರ 23ನೇ ವಾರದಲ್ಲಿ ತಯಾರಾದದ್ದು ಎಂದರ್ಥ. ಅಂಥ ಟೈರಿನಲ್ಲಿ ಗೀರು ಎಷ್ಟೇ ಆಳವಾಗಿದ್ದರೂ ರಬ್ಬರು ಗಟ್ಟಿಯಾಗಿ ಒದ್ದೆ ರಸ್ತೆಯಲ್ಲಿ ಹಿಡಿತ ಇರುವುದಿಲ್ಲ. ಕೂಲಂಟ್ ಕೊಳವೆಗಳಲ್ಲಿ ಕೆಲವು ಎರಡು ಸಿಲಿಂಡರ್ ಸಾಲುಗಳ ನಡುವಿನ ಕಣಿವೆಯಲ್ಲಿವೆ, ಸುಲಭಕ್ಕೆ ಕೈಗೆ ಎಟಕುವುದಿಲ್ಲ. ಬೇರೆ ಕೆಲಸಕ್ಕೆಂದು ಅಲ್ಲಿಯವರೆಗೆ ಬಿಚ್ಚಿದಾಗ ಕೊಳವೆಗಳನ್ನೂ ಓ-ರಿಂಗುಗಳನ್ನೂ ಬದಲಿಸಿಬಿಡುವುದು ಜಾಣತನ.

ಶಾಕ್ ಅಬ್ಸಾರ್ಬರ್ ವಿಷಯದಲ್ಲಿ ಮಾತ್ರ ನಿಮ್ಮ ಜೊತೆ ನಾನಿದ್ದೇನೆ. ಅದರೊಳಗಿನ ಎಣ್ಣೆ ಇಷ್ಟು ವರ್ಷ ಬಾಳುವುದಿಲ್ಲ. ದಿಬ್ಬ ದಾಟಿದ ಮೇಲೆ ಬೈಕಿನ ಹಿಂಭಾಗ ಎರಡು ಮೂರು ಸಲ ತೂಗಿದರೆ ಅದರ ಕಾಲ ಮುಗಿದಿದೆ. ಹೊಸ ಶಾಕ್, ಮುಂದಿನ ಫೋರ್ಕಿಗೆ ಹೊಸ ಎಣ್ಣೆ, ಸವಾರರ ತೂಕಕ್ಕೆ ಹೊಂದುವ ಸ್ಪ್ರಿಂಗು, ಇವಿಷ್ಟರಿಂದ ಬೈಕು ಹತ್ತು ವರ್ಷ ಚಿಕ್ಕದಾದಂತೆ ನಡೆದುಕೊಳ್ಳುತ್ತದೆ.

ಐದನೆಯ ಉತ್ತರ

ಚೈನಿನ ಬಗ್ಗೆ ಯಾರೂ ಬರೆದಿಲ್ಲವಾದ್ದರಿಂದ ಚಿಕ್ಕದಾಗಿ ಹೇಳುತ್ತೇನೆ. ಹಿಂದಿನ ಚಕ್ರವನ್ನು ಹೊತ್ತಿರುವ ಇದರ ಸ್ವಿಂಗ್ ಆರ್ಮ್ ಒಂಟಿ ತೋಳಿನದು. ಚೈನು ಬಿಗಿಮಾಡಲು ಆಕ್ಸಲನ್ನು ಎರಡೂ ಬದಿಯಲ್ಲಿ ಅಳೆದು ಸರಿಸುವ ಗೋಜಿಲ್ಲ. ಹಿಡಿದಿರುವ ಬೋಲ್ಟನ್ನು ಸಡಿಲಿಸಿ, ಕೊಕ್ಕೆಯಂಥ ಸ್ಪ್ಯಾನರಿನಿಂದ ಚಕ್ರದ ಹಬ್ ಅನ್ನು (ಆಕ್ಸಲನ್ನು ಹೊತ್ತ ನಡುಭಾಗವನ್ನು) ಒಂದು ಹಲ್ಲಿನಷ್ಟು ತಿರುಗಿಸಿದರೆ ಸಾಕು, ಚಕ್ರ ಓರೆಯಾಗುವ ಪ್ರಶ್ನೆಯೇ ಬರುವುದಿಲ್ಲ. ಆದರೆ ಆ ಹಬ್ಬು ಕೂಡ ಗ್ರೀಸು ಒಣಗಿ ಕಚ್ಚಿಕೊಳ್ಳುತ್ತದೆ. ವರ್ಷಕ್ಕೊಮ್ಮೆಯಾದರೂ ಅದನ್ನು ತಿರುಗಿಸಿ ನೋಡಿ. ಚೈನಿನ ಸಡಿಲವನ್ನು ಒಂದೇ ಕಡೆ ಅಳೆಯದೆ, ಚಕ್ರ ತಿರುಗಿಸುತ್ತಾ ನಾಲ್ಕೈದು ಕಡೆ ಅಳೆದು, ಅತ್ಯಂತ ಬಿಗಿಯಾದ ಜಾಗವನ್ನೇ ಆಧಾರವಾಗಿ ಹಿಡಿಯಿರಿ.

ಆರನೆಯ ಉತ್ತರ

ವಾಲ್ವ್ ವಿಷಯವನ್ನು ಎಲ್ಲರೂ ಬದಿಗಿಟ್ಟಿರುವುದು ಸರಿ. ಆದರೆ ಮರೆಯುವಂತಿಲ್ಲ. ಸುಮಾರು 25,000 ಕಿಲೋಮೀಟರಿಗೊಮ್ಮೆ ನೋಡಬೇಕಾದದ್ದು, ನಿಮ್ಮದು ಆ ಗಡಿ ದಾಟಿದೆ.

ಈ ಎಂಜಿನ್ನಿನ ಹಿನ್ನೆಲೆ ಗೊತ್ತಿದ್ದರೆ ಅದನ್ನು ತೆರೆಯುವಾಗ ಗೌರವ ಹೆಚ್ಚುತ್ತದೆ. ನಾಲ್ಕು ಸಿಲಿಂಡರುಗಳನ್ನು ವಿ ಆಕಾರದಲ್ಲಿ ಜೋಡಿಸಿದ ಹೋಂಡಾದ ವಿ4 ರಸ್ತೆ ಬೈಕುಗಳು ಬಂದದ್ದು 1980ರ ದಶಕದ ಆರಂಭದಲ್ಲಿ. ಆ ಮೊದಲ ವಿಎಫ್ ಮಾದರಿಗಳಲ್ಲಿ ವಾಲ್ವುಗಳನ್ನು ತೆರೆಯುವ ಕ್ಯಾಮ್ ಶಾಫ್ಟುಗಳು ಬೇಗ ಸವೆದು ಹೆಸರು ಕೆಟ್ಟಿತು. 1986ರಲ್ಲಿ ವಿಎಫ್‌ಆರ್ 750 ಬಂದಾಗ ಕ್ಯಾಮುಗಳನ್ನು ಚೈನಿನ ಬದಲು ಹಲ್ಲಿನ ಗಾಲಿಗಳ ಸಾಲಿನಿಂದ ತಿರುಗಿಸಲಾಯಿತು. ಕಳೆದುಕೊಂಡ ಹೆಸರನ್ನು ಆ ಬೈಕು ಮರಳಿ ತಂದುಕೊಟ್ಟಿತು. ನಿಮ್ಮ 781 ಸಿಸಿ ಎಂಜಿನ್ ಅದೇ ವಂಶದ್ದು, ರೇಸಿಂಗಿಗೆಂದು ಮಾಡಿದ ಆರ್‌ಸಿ45ರ ಹತ್ತಿರದ ಬಂಧು. 2002ರಲ್ಲಿ ಬಂದ ಮುಂದಿನ ಮಾದರಿಯಲ್ಲಿ ಎಂಜಿನ್ ವೇಗಕ್ಕೆ ತಕ್ಕಂತೆ ವಾಲ್ವುಗಳ ಕೆಲಸ ಬದಲಿಸುವ ವಿಟೆಕ್ ಸೇರಿತು, ಹಲ್ಲಿನ ಗಾಲಿಗಳು ಹೋಗಿ ಚೈನು ಮರಳಿತು. ಆದ್ದರಿಂದ 1998ರಿಂದ 2001ರವರೆಗಿನ ಬೈಕುಗಳಲ್ಲಿ ಪೆಟ್ರೋಲ್ ಇಂಜೆಕ್ಷನ್ ಮತ್ತು ಗೇರ್ ಚಾಲಿತ ಕ್ಯಾಮು ಎರಡೂ ಒಟ್ಟಿಗೆ ಸಿಗುತ್ತವೆ. ಸ್ಟಾರ್ಟ್ ಮಾಡಿದಾಗ ಕೇಳುವ ಆ ಸಣ್ಣ ಶಿಳ್ಳೆಯಂಥ ನಾದ ಹಲ್ಲಿನ ಗಾಲಿಗಳದ್ದೇ. ಹೊಸದಾಗಿ ಕೊಂಡವರು ಅದನ್ನು ದೋಷವೆಂದು ಹೆದರಬೇಕಾಗಿಲ್ಲ. ಎರಡು ಸಿಲಿಂಡರ್ ಸಾಲುಗಳ ನಡುವೆ 90 ಡಿಗ್ರಿ ಕೋನ ಇರುವುದರಿಂದ ಒಂದರ ಕುಲುಕಾಟವನ್ನು ಇನ್ನೊಂದು ಅಳಿಸುತ್ತದೆ. ದಿನವಿಡೀ ಓಡಿಸಿದರೂ ಅಂಗೈ ಜುಮ್ಮೆನ್ನದೇ ಇರುವುದು ಆ ಕಾರಣದಿಂದ.

ವಾಲ್ವ್ ಅಳೆಯುವಾಗ ಎಂಜಿನ್ ಪೂರ್ತಿ ತಣ್ಣಗಿರಬೇಕು, 35 ಡಿಗ್ರಿಗಿಂತ ಕೆಳಗೆ. ಇನ್‌ಟೇಕ್ (ಒಳಬರುವ ಕಡೆಯ) ವಾಲ್ವಿನ ಸಂದು 0.16, ಎಕ್ಸಾಸ್ಟ್ (ಹೊಗೆ ಹೊರಹೋಗುವ ಕಡೆಯ) ವಾಲ್ವಿನದು 0.25 ಮಿಲಿಮೀಟರ್, ಎರಡರಲ್ಲೂ 0.03ರಷ್ಟು ಹೆಚ್ಚಾದರೂ ಕಡಿಮೆಯಾದರೂ ಸರಿ. ಹದಿನಾರು ವಾಲ್ವುಗಳ ಅಳತೆಯನ್ನೂ ಕಾಗದದ ಮೇಲೆ ಬರೆಯಿರಿ. ಸದ್ದು ಕೇಳಿ ನಿರ್ಧರಿಸಬೇಡಿ. ಸಂದು ಕಿರಿದಾಗುತ್ತಾ ಹೋದ ವಾಲ್ವು ಸದ್ದು ಮಾಡುವುದಿಲ್ಲ, ಅದು ಪೂರ್ತಿ ಮುಚ್ಚದೆ ಅಂಚು ಸುಡುವವರೆಗೂ ಎಂಜಿನ್ ನಯವಾಗಿಯೇ ಇರುವಂತೆ ತೋರುತ್ತದೆ. ಅಳತೆ ಮಿತಿಯೊಳಗಿದ್ದರೆ ಮುಚ್ಚಿಬಿಡಿ. ಸಂದನ್ನು ಹೊಂದಿಸುವ ಸಣ್ಣ ಬಿಲ್ಲೆಯಾದ ಶಿಮ್ ಬದಲಿಸಲು ಕ್ಯಾಮ್ ತೆಗೆಯಲೇಬೇಕು, ಮತ್ತು ಆ ಗಾಲಿಗಳ ಹಲ್ಲುಗಳು ಸ್ಪ್ರಿಂಗಿನ ಒತ್ತಡದಲ್ಲಿ ಜೋಡಿಯಾಗಿ ಕೂತಿರುತ್ತವೆ. ಅಗತ್ಯವಿಲ್ಲದೆ ಅವುಗಳನ್ನು ಕದಲಿಸಬಾರದು.

ಚರ್ಚೆ ಆರಂಭಿಸಿದವರು

ಆರು ವಾರಗಳ ನಂತರ ಬರೆಯುತ್ತಿದ್ದೇನೆ.

ಎರಡನೇ ಮಾಸ್ಟರ್ ಸಿಲಿಂಡರ್ ಬಿಚ್ಚಿದಾಗ ಸಣ್ಣ ರಂಧ್ರದ ಬಾಯಲ್ಲಿ ಸಕ್ಕರೆ ಹರಳಿನಂಥ ಬಿಳಿ ಕೊಳೆ ಗಟ್ಟಿಯಾಗಿ ಕೂತಿತ್ತು. ಸೂಜಿ ಹಾಕಿ ಕೆರೆಯದೆ ಇಡೀ ಸಿಲಿಂಡರನ್ನೇ ಹೊಸದು ಹಾಕಿದೆ. ಕ್ಯಾಲಿಪರಿನ ಬೇರಿಂಗು ಒಣಗಿತ್ತು, ಆದರೆ ತುಕ್ಕು ಹಿಡಿದಿರಲಿಲ್ಲ, ತೊಳೆದು ಗ್ರೀಸು ತುಂಬಿದೆ. ಈಗ ಹಿಂದಿನ ಚಕ್ರವನ್ನು ಒಮ್ಮೆ ತಳ್ಳಿದರೆ ಸಲೀಸಾಗಿ ತಿರುಗುತ್ತದೆ. ಎರಡು ಗಂಟೆಯ ಸವಾರಿಯ ನಂತರ ಹಿಂದಿನ ಡಿಸ್ಕಿನ ಬಳಿ ಕೈ ಹಿಡಿದರೆ ಬಿಸಿ ಬಡಿಯುವುದಿಲ್ಲ.

ಹಳದಿ ತಂತಿಗಳನ್ನು ಬೆಸೆದು ಸೀರೀಸ್ ಬಗೆಯ ರೆಗ್ಯುಲೇಟರ್ ಕೂರಿಸಿದೆ. 5,000 ಆರ್‌ಪಿಎಂನಲ್ಲಿ 14.2 ವೋಲ್ಟ್ ಬರುತ್ತಿದೆ. ಅದೇ ಹಳೆಯ ಬ್ಯಾಟರಿ, ಕಾವೇರಿದ ಎಂಜಿನ್ನನ್ನೂ ಒಂದೇ ತಿರುವಿಗೆ ಎಬ್ಬಿಸುತ್ತಿದೆ. ಟೈರುಗಳು ನಿಜಕ್ಕೂ ಹಳೆಯವಾಗಿದ್ದವು, ಎರಡನ್ನೂ ಬದಲಿಸಿದೆ. ಶಾಕ್ ಅಬ್ಸಾರ್ಬರ್ ಇನ್ನೂ ಆಗಿಲ್ಲ.

ಕಳೆದ ಭಾನುವಾರ ಟ್ಯಾಂಕು ಎತ್ತಿ ವಾಲ್ವುಗಳನ್ನು ಅಳೆದೆ. ಹದಿನಾಲ್ಕು ವಾಲ್ವುಗಳು ಮಿತಿಯ ನಡುವಿನಲ್ಲಿಯೇ ಇವೆ. ಹಿಂದಿನ ಸಾಲಿನ ಎರಡು ಎಕ್ಸಾಸ್ಟ್ ವಾಲ್ವುಗಳಲ್ಲಿ ಮಾತ್ರ 0.22ರ ಫೀಲರ್ ಗೇಜ್ (ಸಂದು ಅಳೆಯುವ ತೆಳು ಲೋಹದ ಪಟ್ಟಿ) ಎಳೆದಾಗ ಸ್ವಲ್ಪ ಹಿಡಿದಂತಾಗುತ್ತದೆ, 0.23ರದ್ದು ಒಳಗೆ ಹೋಗುವುದಿಲ್ಲ. ಮಿತಿಯ ಅಂಚಿನಲ್ಲಿದ್ದರೂ ಒಳಗೇ ಇರುವುದರಿಂದ, ಆರನೆಯ ಉತ್ತರದಲ್ಲಿ ಹೇಳಿದಂತೆ ಕದಲಿಸದೆ ಮುಚ್ಚಿದ್ದೇನೆ. ಹದಿನಾರು ಅಳತೆಗಳನ್ನೂ ದಿನಾಂಕದೊಂದಿಗೆ ಬರೆದು ಸೀಟಿನ ಕೆಳಗಿನ ಪುಸ್ತಕದಲ್ಲಿಟ್ಟಿದ್ದೇನೆ. 25,000 ಕಿಲೋಮೀಟರಿನವರೆಗೆ ಕಾಯದೆ 8,000ಕ್ಕೇ ಮತ್ತೊಮ್ಮೆ ತೆರೆದು, ಆ ಎರಡು ವಾಲ್ವುಗಳು ಎಲ್ಲಿಗೆ ಬಂದಿವೆ ಎಂಬುದನ್ನು ಇಲ್ಲಿಯೇ ತಿಳಿಸುತ್ತೇನೆ.